ಕೊರತೆಯನ್ನು ನೀವೇ ಮೊದಲು ಹೇಳಿ: ಮನೆಯಿಂದ ಮಾರುವವರು ಗಿರಾಕಿಯ ನಂಬಿಕೆ ಗಳಿಸುವುದು ಹೇಗೆ?

ಮುಂಬೈ ಹತ್ತಿರದ ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಬೆಳಗಿನ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಅರ್ಧ ಸಂತೆಯೇ ನಡೆಯುತ್ತದೆ. ಚಕ್ಕುಲಿ, ಹಪ್ಪಳ, ಕಿವಿಯೋಲೆ, ನೈಟಿ ಎಲ್ಲವೂ ಅಲ್ಲಿ ಕೈಯಿಂದ ಕೈಗೆ ದಾಟುತ್ತವೆ. ನಾನು ಖಾರದ ಪುಡಿ ಮಾರಲು ಶುರು ಮಾಡಿದ್ದೂ ಅಲ್ಲೇ. ನನ್ನ ತವರು ಹಾವೇರಿ ಜಿಲ್ಲೆ. ಬೇಸಿಗೆಗೆ ಹೋದಾಗ ಅಣ್ಣ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ಕಟ್ಟಿಕೊಟ್ಟಿದ್ದ. ಕುಟ್ಟಿಸಿ, ಮನೆಗೆ ಸಾಕಾಗಿ ಮಿಕ್ಕಿದ್ದನ್ನು ಪ್ಯಾಕೆಟ್ ಮಾಡಿ ಗಾಡಿಗೆ ಒಯ್ದಿದ್ದೆ. ಧಾರವಾಡದ ಕಡೆಯ ಹಿರಿಯರೊಬ್ಬರು ಪ್ಯಾಕೆಟ್ಟನ್ನು ಮೂಗಿನ ಹತ್ತಿರ ಹಿಡಿದು ಕೇಳಿದರು: "ಯವ್ವಾ, ಇದು ಖರೇ ಬ್ಯಾಡಗಿನ ಏನ?"

"ಹೌದ್ರಿ" ಎಂದೆ.

"ಯಾವುದು? ಡಬ್ಬಿನೋ, ಕಡ್ಡಿನೋ?"

ನನಗೆ ಗೊತ್ತಿರಲಿಲ್ಲ. ಅವರು ಪ್ಯಾಕೆಟ್ಟನ್ನು ನನ್ನ ಮಡಿಲಿಗೆ ವಾಪಸ್ ಇಟ್ಟು, "ತಿಳಕೊಂಡು ಬಾ, ಆಮ್ಯಾಲೆ ತೊಗೋತೀನಿ" ಎಂದರು.

ಮನೆಯಲ್ಲಿ ಏನಾದರೂ ಮಾಡಿ ಮಾರಬೇಕೆಂದಿರುವ ಹೆಣ್ಣುಮಕ್ಕಳು "ಅಕ್ಕಾ, ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದಾಗ ನಾನು ಆ ಹಿರಿಯರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಲ್ಲಿ ಖಾರದ ಪುಡಿಯ ಉದಾಹರಣೆ ಕೊಟ್ಟಿದ್ದೇನೆ. ಉಪ್ಪಿನಕಾಯಿಯೋ ಸೀರೆಯೋ ಆದರೂ ದಾರಿ ಇದೇ.

ಮೊದಲು ನಿಮ್ಮ ಸರಕು ನಿಮಗೆ ಗೊತ್ತಿರಲಿ

ಬ್ಯಾಡಗಿಯಲ್ಲಿ ಮುಖ್ಯವಾಗಿ ಎರಡು ಬಗೆ. ಡಬ್ಬಿ ಗಿಡ್ಡ, ಉಬ್ಬಿದ ಹೊಟ್ಟೆ, ಬೀಜ ಹೆಚ್ಚು. ಮಸಾಲೆಗೆ ಹೇಳಿ ಮಾಡಿಸಿದ್ದು. ಕಡ್ಡಿ ಉದ್ದ, ತೆಳ್ಳಗೆ, ಬೀಜ ಕಡಿಮೆ. ಎರಡಕ್ಕೂ ಮೈತುಂಬ ಸುಕ್ಕು, ಗಾಢ ಕೆಂಪು, ಖಾರ ಮಾತ್ರ ಹದ. ಈ ಬಣ್ಣವನ್ನು ತೆಗೆದು ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಬಳಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ: ಬ್ಯಾಡಗಿ ಮಾರುಕಟ್ಟೆಯಿಂದ ಬಂದದ್ದೆಲ್ಲ ಬ್ಯಾಡಗಿ ತಳಿಯಲ್ಲ. ಆ ಮಾರುಕಟ್ಟೆಗೆ ಆಂಧ್ರದ ಕಾಯಿಯೂ ಬರುತ್ತದೆ, ನೋಡಲು ಥೇಟ್ ಕಡ್ಡಿಯಂತೆಯೇ ಇರುವ ಹೈಬ್ರಿಡ್ ಕಾಯಿಯೂ ಬರುತ್ತದೆ. ನವಿ ಮುಂಬೈಯ ವಾಶಿ ಎಪಿಎಂಸಿಯಲ್ಲಿ ಚೀಲ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಬೇಕು. ಹೊಸ ಬೆಳೆಯೋ, ಶೈತ್ಯಾಗಾರದಲ್ಲಿಟ್ಟ ಕಳೆದ ವರ್ಷದ್ದೋ ಎಂಬುದನ್ನೂ ಕೇಳಿ. ಉತ್ತರ ತಡವರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ.

ಕುಟ್ಟಿಸುವಾಗ ಗಿರಣಿಯಲ್ಲಿ ನೀವೇ ನಿಲ್ಲಿ. ಇದನ್ನು ಯಾರಿಗೂ ಒಪ್ಪಿಸಬೇಡಿ. ನಿಮಗಿಂತ ಮೊದಲು ಬಂದವರು ಅರಿಶಿನ ಬೀಸಿಸಿದ್ದರೆ ಅದರ ಶೇಷ ನಿಮ್ಮ ಮೊದಲ ಮುಷ್ಟಿ ಪುಡಿಯಲ್ಲಿ ಬಂದೇ ಬರುತ್ತದೆ. ಆ ಮೊದಲ ಪುಡಿಯನ್ನು ನಾನು ಬೇರೆ ಹಿಡಿದು ಮನೆಗೆ ಇಟ್ಟುಕೊಳ್ಳುತ್ತೇನೆ. ಪುಡಿ ಹಾರಬಾರದು, ಮಿರುಗಬೇಕು ಎಂದು ಗಿರಣಿಯವರು ಎಣ್ಣೆ ಸವರುವುದುಂಟು. ಖಾದ್ಯ ತೈಲ ಶೇ 2ರವರೆಗೆ ಇರಬಹುದು, ಆದರೆ ಯಾವ ಎಣ್ಣೆ, ಎಷ್ಟು ಎಂದು ಲೇಬಲ್ ಮೇಲೆ ಬರೆಯಬೇಕು ಎನ್ನುತ್ತದೆ ನಿಯಮ. ನಾನು ಎಣ್ಣೆ ಹಾಕಿಸುವುದೇ ಇಲ್ಲ. ನೀವು ಹಾಕಿಸಿದರೆ ಬರೆಯಿರಿ, ಅಷ್ಟೇ.

ಗಿರಾಕಿ ಯಾಕೆ ಅನುಮಾನಿಸುತ್ತಾಳೆ?

ಪುಡಿಯಾದ ಮೇಲೆ ಒಳ್ಳೆಯ ಕಾಯಿಯೂ ಕೆಟ್ಟ ಕಾಯಿಯೂ ಒಂದೇ ಥರ ಕಾಣುತ್ತವೆ. ಮಾರುವವಳಿಗೆ ಒಳಗಿನ ಗುಟ್ಟು ಗೊತ್ತು, ಕೊಳ್ಳುವವಳಿಗೆ ಗೊತ್ತಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರವನ್ನು ಮುಂದಿಟ್ಟುಕೊಂಡು ಇದನ್ನೇ ವಿವರಿಸಿದರು. ಒಳ್ಳೆಯದು ಕೆಟ್ಟದ್ದರ ವ್ಯತ್ಯಾಸ ತಿಳಿಯದ ಗಿರಾಕಿ ಎರಡರ ನಡುವಿನ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕಿನವನಿಗೆ ಗಿಟ್ಟುವುದಿಲ್ಲ, ಅವನು ಅಂಗಡಿ ಮುಚ್ಚುತ್ತಾನೆ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟ ಸರಕೇ. 2001ರಲ್ಲಿ ಅವರಿಗೂ ಇನ್ನಿಬ್ಬರಿಗೂ ಸೇರಿ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮ ಗಾಡಿಯಲ್ಲಿ ಇದು ದಿನವೂ ಕಾಣುತ್ತದೆ. "ಅಲ್ಲಿ ಇನ್ನೂ ಕಡಿಮೆಗೆ ಸಿಗುತ್ತಲ್ಲ" ಎಂದು ಚೌಕಾಸಿ ಮಾಡುವ ಹೆಂಗಸು ಜಿಪುಣಿಯಲ್ಲ. ನನ್ನ ಪುಡಿಗೂ ಅಲ್ಲಿಯ ಪುಡಿಗೂ ಏನು ವ್ಯತ್ಯಾಸ ಎಂದು ಅವಳಿಗೆ ತೋರಿಸಿದವರೇ ಇಲ್ಲ. ತೋರಿಸುವ ಕೆಲಸ ನಮ್ಮದು.

ಕಣ್ಣೆದುರೇ ತೋರಿಸಿ

ನನ್ನ ಚೀಲದಲ್ಲಿ ಯಾವಾಗಲೂ ಒಂದು ಗಾಜಿನ ಲೋಟ ಇರುತ್ತದೆ. ಅದಕ್ಕೆ ನೀರು ಹಾಕಿ, ಮೇಲ್ಗಡೆ ಒಂದು ಚಿಟಿಕೆ ಖಾರದ ಪುಡಿ ಉದುರಿಸಿ ಸುಮ್ಮನೆ ನೋಡಿ. ಕೃತಕ ಬಣ್ಣ ಬೆರೆಸಿದ್ದರೆ ತಕ್ಷಣವೇ ಬಣ್ಣ ಗೆರೆಗೆರೆಯಾಗಿ ಕೆಳಗೆ ಇಳಿಯತೊಡಗುತ್ತದೆ. ಇಟ್ಟಿಗೆ ಪುಡಿಯ ಅನುಮಾನವಿದ್ದರೆ ಒಂದು ಚಮಚ ಕಲಕಿ, ತಳಕ್ಕೆ ಕೂತದ್ದನ್ನು ಬೆರಳಿನಿಂದ ಗಾಜಿಗೆ ಉಜ್ಜಿ. ಗರಗರ ಎಂದರೆ ಅದು ಮೆಣಸಿನಕಾಯಿಯಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ ಮನೆಮಂದಿಗೆಂದೇ ಹೇಳಿಕೊಟ್ಟಿರುವ ಪರೀಕ್ಷೆಗಳಿವು. ಇವುಗಳಿಂದ ಎಲ್ಲ ಕಲಬೆರಕೆಯೂ ಸಿಕ್ಕಿಬೀಳುತ್ತದೆ ಎಂದು ಮಾತ್ರ ಹೇಳಬೇಡಿ, ಅದು ನಿಜವಲ್ಲ. ಪ್ರಯೋಗಾಲಯದಲ್ಲಿ ಮಾಡಬೇಕಾದ ಪರೀಕ್ಷೆಗಳೇ ಬೇರೆ.

ಪ್ಯಾಕೆಟ್ ಮಾರುವಾಗ ಒಂದೆರಡು ಇಡೀ ಮೆಣಸಿನಕಾಯಿಯನ್ನೂ ಜೊತೆಗಿಟ್ಟುಕೊಳ್ಳಿ. ಗಿರಾಕಿ ಮುರಿದು ನೋಡಲಿ, ಮೂಸಿ ನೋಡಲಿ.

ಕೊರತೆಯನ್ನು ಮೊದಲು ಹೇಳಿ

ಈ ಹೆಜ್ಜೆ ಎಲ್ಲಕ್ಕಿಂತ ಕಷ್ಟದ್ದು. ಇದೊಂದು ಕೈಗೆ ಬಂದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬುದು ನನ್ನ ಅನುಭವ.

ನಮ್ಮ ಮಹಡಿಯ ಮರಾಠಿ ಅಕ್ಕ ಒಬ್ಬರು ಮಿಸಳ್ ಎಂಬ ಖಾರದ ಕಾಳಿನ ಪದಾರ್ಥಕ್ಕೆಂದು ಅರ್ಧ ಕಿಲೋ ಕೇಳಲು ಬಂದರು. ಅವರಿಗೆ ಝಣಝಣೀತ ಬೇಕು, ಬೆವರು ಇಳಿಯಬೇಕು. "ತಾಯಿ, ಇದರಲ್ಲಿ ಬಣ್ಣ ಬರುತ್ತದೆ, ಆ ಖಾರ ಬರುವುದಿಲ್ಲ. ಲಾಲ್‌ಬಾಗ್‌ನ ಮಸಾಲೆ ಗಲ್ಲಿಗೆ ಹೋಗಿ ಸಂಕೇಶ್ವರಿ ಮೆಣಸಿನಕಾಯಿ ತನ್ನಿ, ಇಲ್ಲವೇ ಲವಂಗಿ. ಬಣ್ಣಕ್ಕೆ ಬೇಕಾದರೆ ನನ್ನದರಲ್ಲಿ ಎರಡು ಚಮಚ ಸೇರಿಸಿ" ಎಂದೆ. ಅವರು ಅರ್ಧ ಕಿಲೋ ಬಿಟ್ಟು ನೂರು ಗ್ರಾಂ ಒಯ್ದರು. ಅವತ್ತಿನ ವ್ಯಾಪಾರ ಕಡಿಮೆಯಾಯಿತು, ನಿಜ. ಆದರೆ ಸುಳ್ಳು ಹೇಳಿ ಅರ್ಧ ಕಿಲೋ ಕೊಟ್ಟಿದ್ದರೆ ಅವರು ಮಿಸಳ್ ಮಾಡಿದ ದಿನವೇ ನನ್ನ ಪುಡಿ "ಸಪ್ಪೆ" ಎಂದು ಇಡೀ ಕಟ್ಟಡಕ್ಕೆ ಗೊತ್ತಾಗುತ್ತಿತ್ತು. ಒಳ್ಳೆಯ ಬ್ಯಾಡಗಿಗೆ ಅನ್ಯಾಯವಾಗಿ ಕೆಟ್ಟ ಹೆಸರು ಬರುತ್ತಿತ್ತು. (ಸಂಕೇಶ್ವರವೂ ನಮ್ಮ ಬೆಳಗಾವಿ ಜಿಲ್ಲೆಯದ್ದೇ ಎಂದು ಹೇಳಲು ನಾನು ಮರೆಯಲಿಲ್ಲ.)

ಇನ್ನೊಂದು ಕೊರತೆ ಬಣ್ಣದ್ದು. ಅಪ್ಪಟ ಖಾರದ ಪುಡಿಯ ಕೆಂಪು ಬೆಳಕಿಗೆ, ಗಾಳಿಗೆ ತಿಂಗಳು ಕಳೆದಂತೆ ಮಾಸುತ್ತದೆ. ಅದನ್ನು ಮುಂಚೆಯೇ ಹೇಳದಿದ್ದರೆ ದೀಪಾವಳಿ ಹೊತ್ತಿಗೆ "ನಿಮ್ಮದು ಬಣ್ಣ ಬಿಟ್ಟಿತು" ಎಂಬ ದೂರು ಬರುತ್ತದೆ. ನನ್ನ ಪ್ಯಾಕೆಟ್ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಸಾಲು ಇದೆ: "ಬಣ್ಣ ಬೆರೆಸಿಲ್ಲ, ಆದ್ದರಿಂದ ಕ್ರಮೇಣ ಮಾಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಿ."

ಹೆಸರು, ಲೇಬಲ್

ಮನೆಯಲ್ಲೇ ಮಾಡಿದರೂ ತಿನ್ನುವ ಪದಾರ್ಥ ಮಾರಲು ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಇರಬೇಕು. ಪುಡಿ ಮಾಡಿದ ಮಸಾಲೆಯನ್ನು ಬಿಡಿಯಾಗಿ ಅಳೆದು ಮಾರುವಂತಿಲ್ಲ, ಪ್ಯಾಕ್ ಮಾಡಿಯೇ ಮಾರಬೇಕು. ಹೆಸರು ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನ, ಬಳಸಬಹುದಾದ ಕೊನೆಯ ದಿನ, ಬ್ಯಾಚ್ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಹಸಿರು ಚುಕ್ಕೆ, ದೂರು ಹೇಳಲು ಫೋನ್ ನಂಬರ್ ಇವಿಷ್ಟನ್ನೂ ಬಿಡಬೇಡಿ.

"100% ಶುದ್ಧ" ಎಂದು ದಪ್ಪಕ್ಷರದಲ್ಲಿ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಲೇಬಲ್‌ಗಳಲ್ಲಿ ಜಾಹೀರಾತುಗಳಲ್ಲಿ "100%" ಎಂಬ ಮಾತು ಬಳಸಬೇಡಿ ಎಂದು 2025ರ ಮೇ ತಿಂಗಳಲ್ಲಿ ಎಫ್‌ಎಸ್‌ಎಸ್‌ಎಐ ಉದ್ದಿಮೆಗಳಿಗೆ ಹೇಳಿದೆ. ಅದರ ಬದಲು ನಿಮಗೆ ನಿಜವಾಗಿ ಗೊತ್ತಿರುವುದನ್ನು ಬರೆಯಿರಿ. ಯಾವ ತಿಂಗಳು ಕೊಂಡದ್ದು, ಎಲ್ಲಿ ಕೊಂಡದ್ದು, ಎಂದು ಕುಟ್ಟಿಸಿದ್ದು. ತಳಿ ಖಚಿತವಿಲ್ಲದಿದ್ದರೆ "ಬ್ಯಾಡಗಿ" ಎಂದು ಬರೆಯಬೇಡಿ, "ಕೆಂಪು ಮೆಣಸಿನಪುಡಿ" ಎಂದರೆ ಸಾಕು. "ಕಾಶ್ಮೀರಿ" ಎಂಬ ಹೆಸರಿಗೆ ಮುಂಬೈಯಲ್ಲಿ ಬೇಡಿಕೆ ಜಾಸ್ತಿ. ಅದೇ ಹೆಸರಲ್ಲಿ ಬ್ಯಾಡಗಿ ಮಾರುವವರನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಹೊಲದಲ್ಲಿ ಬೆಳೆದವರ ಹೆಸರನ್ನೇ ಅಳಿಸಿ ಮಾರಿದಂತೆ ಅದು.

ತೂಕ ಮತ್ತು ಕೊಸರು

ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಹಾಕಿಸಬೇಕು. ಖಾಲಿ ಕವರಿನ ತೂಕ ಕಳೆದ ಮೇಲೆ ಉಳಿದದ್ದೇ ನಿವ್ವಳ. ಊರಲ್ಲಿ ಅಜ್ಜಿ ಸೇರು ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಿದ್ದಳು. ನಾನೂ 250 ಗ್ರಾಂ ಪ್ಯಾಕೆಟ್‌ಗೆ ಒಂದೆರಡು ಗ್ರಾಂ ಹೆಚ್ಚೇ ತುಂಬುತ್ತೇನೆ.

ಬೆಲೆ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ಮುಖ ಗಂಟಿಕ್ಕಬೇಡಿ. ತೊಟ್ಟು ಮುರಿದು, ಬಿಸಿಲಿಗೆ ಹಾಕಿ, ಗಿರಣಿಯಲ್ಲಿ ಹಾರಿಹೋದದ್ದು ಕಳೆದರೆ ಒಂದು ಕಿಲೋ ಕಾಯಿಗೆ ನನ್ನ ಕೈಗೆ 900 ಗ್ರಾಂ ಪುಡಿ ದಾಟುವುದಿಲ್ಲ. ಈ ಲೆಕ್ಕ ಹೇಳಿದ ಮೇಲೆ ಚೌಕಾಸಿ ಮಾಡಿದವರು ಕಡಿಮೆ.

ವಾಟ್ಸ್ಆ್ಯಪ್‌ನಲ್ಲಿ

ಫೋಟೊವನ್ನು ಕಿಟಕಿಯ ಬೆಳಕಲ್ಲಿ ತೆಗೆಯಿರಿ, ಫಿಲ್ಟರ್ ಬೇಡ. ನಾದಿನಿಯಿಂದ, ಚಿಕ್ಕಮ್ಮನ ಮಗಳಿಂದ ಹೊಗಳಿಕೆ ಬರೆಸಿ ಗಿರಾಕಿಯ ಮಾತೆಂದು ಹಾಕಬೇಡಿ. ಹತ್ತು ಕಿಲೋ ಮನೆಯಲ್ಲಿಟ್ಟುಕೊಂಡು "ಎರಡೇ ಪ್ಯಾಕೆಟ್ ಉಳಿದಿವೆ, ಬೇಗ ಬೇಗ" ಎನ್ನುವುದು ಈಗ ಬರೀ ಸುಳ್ಳಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳ ಪಟ್ಟಿ ಇದೆ. ಇಂಥ ಸುಳ್ಳು ಅವಸರ ಹುಟ್ಟಿಸುವುದು ಆ ಪಟ್ಟಿಯಲ್ಲಿದೆ.

ಉದ್ರಿಯ ಬಗ್ಗೆ ಒಂದೇ ಮಾತು: ಕೊಟ್ಟರೆ ಆಗಲೇ ಬರೆದಿಡಿ, ಗಿರಾಕಿಗೂ ತೋರಿಸಿ.

ತಪ್ಪಾದಾಗ

ಮೂರು ವರ್ಷದ ಹಿಂದೆ ಜುಲೈಯಲ್ಲಿ ಎಡೆಬಿಡದೆ ಮಳೆ ಹಿಡಿದಿತ್ತು. ಒಂದು ಬ್ಯಾಚ್ ಪೂರ್ತಿ ಒಣಗುವ ಮುಂಚೆಯೇ ಕುಟ್ಟಿಸಿಬಿಟ್ಟೆ. ಆರ್ಡರ್ ಇತ್ತು, ಅವಸರ ಮಾಡಿದೆ. ಹತ್ತು ದಿನಕ್ಕೆ ಮನೆಯಲ್ಲಿಟ್ಟ ಡಬ್ಬಿ ತೆಗೆದರೆ ಪುಡಿ ಗಂಟುಗಟ್ಟಿತ್ತು, ಒಂದು ಮೂಲೆಯಲ್ಲಿ ಬಿಳಿ ಬೂಷ್ಟು. ಮೆಣಸಿನಕಾಯಿಗೆ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷ ಸೇರಿಕೊಳ್ಳಬಹುದು, ಅಡುಗೆಯ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ. ಯಾರೂ ಇನ್ನೂ ದೂರು ಹೇಳಿರಲಿಲ್ಲ.

ಯಾರಿಗೆ ಯಾವ ಬ್ಯಾಚ್ ಕೊಟ್ಟೆ ಎಂದು ನೋಟ್‌ಬುಕ್‌ನಲ್ಲಿ ಬರೆದಿದ್ದೆ, ಅದೇ ಉಳಿಸಿತು. ಅವತ್ತು ಸಂಜೆ ಕೂತು ಹದಿನೇಳು ಮನೆಗೆ ಫೋನ್ ಮಾಡಿದೆ. "ನನ್ನಿಂದ ತಪ್ಪಾಗಿದೆ, ಪುಡಿ ಸರಿಯಾಗಿ ಒಣಗಿರಲಿಲ್ಲ. ಬಳಸಬೇಡಿ, ಎಸೆದುಬಿಡಿ. ದುಡ್ಡು ವಾಪಸ್ ಕಳಿಸುತ್ತೇನೆ" ಎಂದೆ. ಮಳೆಯ ಮೇಲೆ, ಗಿರಣಿಯ ಮೇಲೆ ಹಾಕಲಿಲ್ಲ. ಒಬ್ಬರ ಮನೆಯಲ್ಲಿ ಯಜಮಾನರು ಜೋರು ಮಾಡಿದರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು, ಅವರ ಸಿಟ್ಟು ನ್ಯಾಯವೇ. ಬಳಸಿ ಮುಗಿಸಿದವರಿಗೂ ಪೂರ್ತಿ ದುಡ್ಡು ಕೊಟ್ಟೆ. ಇಬ್ಬರು ಆಮೇಲೆ ನನ್ನ ಹತ್ತಿರ ಕೊಳ್ಳಲೇ ಇಲ್ಲ.

ಆದ್ದರಿಂದ ಪ್ಯಾಕೆಟ್ ಮೇಲಿನ ಫೋನ್ ನಂಬರ್ ನೀವು ಎತ್ತುವಂಥದ್ದೇ ಇರಲಿ. ಗಿರಾಕಿಗೆ ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಮುಂಚೆ ಅವರು ನಿಮಗೇ ಫೋನ್ ಮಾಡುವಷ್ಟು ಸಲಿಗೆ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಈಗ ಕುಟ್ಟಿಸುವುದಿಲ್ಲ. ಮೇ ಕೊನೆಗೆ ಕುಟ್ಟಿಸಿದ್ದು ಮುಗಿದರೆ "ಮುಗೀತ್ರಿ, ಅಕ್ಟೋಬರ್ ಬಿಸಿಲು ಬರಲಿ" ಎನ್ನುತ್ತೇನೆ.

ಧಾರವಾಡದ ಆ ಹಿರಿಯರಿಗೆ ಎರಡು ವಾರದ ನಂತರ ಉತ್ತರ ಒಯ್ದಿದ್ದೆ: "ಕಡ್ಡಿರಿ, ಅಣ್ಣನ ಹೊಲದ್ದು. ಖಾರ ಕಡಿಮೆ." ಅವರು ಪರ್ಸ್ ತೆಗೆಯುತ್ತ, "ಖಾರ ಕಡಿಮಿನೋ ಅಂತ ನಾ ಕೇಳೇ ಇರಲಿಲ್ಲಲ್ಲವಾ" ಎಂದು ಅರ್ಧ ಕಿಲೋ ತೆಗೆದುಕೊಂಡರು.