ಕಾಲೇಜು ಸೀಟು, ಫೀಸಿನ ದುಡ್ಡು: ಎಂಟನೇ ಕ್ಲಾಸಿನಿಂದಲೇ ತಯಾರಿ ಹೀಗಿರಲಿ

ಅಂಕದ ವಿಷಯದಲ್ಲಿ ನಮ್ಮ ಕರಾವಳಿಯ ಮಕ್ಕಳು ಯಾರಿಗೂ ಕಡಿಮೆ ಇಲ್ಲ. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು, ಉಡುಪಿ ಎರಡನೇ ಸ್ಥಾನ. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೇ ಸ್ಥಾನ. ಆದರೆ ಜೂನ್ ತಿಂಗಳಲ್ಲಿ ಯಾವುದಾದರೂ ನಾಡಕಚೇರಿ ಕಡೆ ಹೋಗಿ ನೋಡಿ. ಜಡಿಮಳೆಯಲ್ಲಿ ಕೊಡೆ ಹಿಡಿದು, ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ನಿಂತಿರುವ ಅಪ್ಪ ಅಮ್ಮಂದಿರು ಎಷ್ಟು ಜನ! ಮಗುವಿಗೆ ರ‍್ಯಾಂಕ್ ಬಂದಿರುತ್ತದೆ. ಆದರೆ ಬೇಕಾದ ಒಂದು ಕಾಗದ ಇರುವುದಿಲ್ಲ, ಇದ್ದರೂ ಅದರಲ್ಲಿ ಹೆಸರು ಬೇರೆ. ಇಷ್ಟಕ್ಕೇ ಸೀಟು, ವಿದ್ಯಾರ್ಥಿವೇತನ ಕೈತಪ್ಪುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೈಸ್ಕೂಲಿನಲ್ಲೇ ಸ್ವಲ್ಪ ಸ್ವಲ್ಪ ಮಾಡಿಟ್ಟರೆ ಈ ಓಡಾಟ ಬೇಡ.

ಮೊದಲು ಎನ್‌ಎಂಎಂಎಸ್ ಪರೀಕ್ಷೆ

ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದೆಯೇ? ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ದಾಟುವುದಿಲ್ಲವೇ? ಹಾಗಿದ್ದರೆ ಹೆಡ್‌ಮಾಸ್ಟರ್ ಹತ್ತಿರ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆಯ ಬಗ್ಗೆ ಕೇಳಿ. ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 50 ಸಾಕು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000. ಈ ದುಡ್ಡನ್ನು ಮುಟ್ಟದೆ ಇಟ್ಟರೆ ಕಾಲೇಜಿನ ಮೊದಲ ಖರ್ಚಿಗೆ ಆಗುತ್ತದೆ. ಪರೀಕ್ಷೆಯಲ್ಲಿ ಪಾಠದ ಪ್ರಶ್ನೆಗಳ ಜೊತೆ ಬುದ್ಧಿಶಕ್ತಿಯ ಪ್ರಶ್ನೆಗಳೂ ಇರುತ್ತವೆ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಅಭ್ಯಾಸ ಮಾಡಿದವರಿಗೆ ಕಷ್ಟವಾಗುವುದಿಲ್ಲ.

ಹೆಸರು ಒಂದೇ ಇರಲಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ನಮ್ಮಲ್ಲಿ ಕುಟುಂಬದ ಹೆಸರು ಕೆಲವು ಕಡೆ ಬರುತ್ತದೆ, ಕೆಲವು ಕಡೆ ಬರುವುದಿಲ್ಲ. ಆಧಾರ್‌ನಲ್ಲಿ ‘ಪ್ರತೀಕ್ಷಾ’, ಶಾಲೆಯಲ್ಲಿ ‘ಪ್ರತೀಕ್ಷಾ ಕೆ.’, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಪ್ರತೀಕ್ಷಾ ಕೋಟ್ಯಾನ್’. ಊರಿನವರಿಗೆಲ್ಲ ಅವಳು ಒಬ್ಬಳೇ, ಕಂಪ್ಯೂಟರಿಗೆ ಮಾತ್ರ ಮೂವರು.

ಒಂಬತ್ತನೇ ತರಗತಿ ಮುಗಿಯುವುದರೊಳಗೆ ಒಂದು ಭಾನುವಾರ ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಹರಡಿ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್. ಹೆಸರಿನ ಒಂದೊಂದು ಅಕ್ಷರ, ಇನಿಷಿಯಲ್, ಹುಟ್ಟಿದ ದಿನಾಂಕ, ಅಪ್ಪ ಅಮ್ಮನ ಹೆಸರು ತಾಳೆ ನೋಡಿ. ತಪ್ಪಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಮೊದಲೇ ಶಾಲೆಯಲ್ಲಿ ಸರಿಮಾಡಿಸಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಅಚ್ಚಾದ ಮೇಲೆ ತಿದ್ದುಪಡಿ ದೊಡ್ಡ ತಲೆನೋವು. ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನೂ (ಶಾಲೆಯ ದಾಖಲೆಯಲ್ಲಿ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಮುಂದೆ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯ ಅರ್ಜಿಗೂ ಅದು ಬೇಕು.

ಬ್ಯಾಂಕಿನದ್ದು ಇನ್ನೊಂದು ಕಥೆ. ‘ಖಾತೆಗೆ ಆಧಾರ್ ಕೊಟ್ಟಿದ್ದೇವಲ್ಲ’ ಎಂದು ಸುಮ್ನೆ ಕೂರಬೇಡಿ. ಕೆವೈಸಿಗೆ ಆಧಾರ್ ಕೊಡುವುದು ಬೇರೆ, ಸರ್ಕಾರದ ಹಣ ಬರುವಂತೆ ಖಾತೆಗೆ ಆಧಾರ್ ಸೀಡಿಂಗ್ ಮಾಡಿಸುವುದು ಬೇರೆ. ‘ಎನ್‌ಪಿಸಿಐ ಸೀಡಿಂಗ್ ಆಗಿದೆಯಾ’ ಎಂದು ಬ್ಯಾಂಕಿನಲ್ಲಿ ಹೀಗೆಯೇ ಕೇಳಿ. ಮಗುವಿಗೆ ಎರಡು ಖಾತೆ ಇದ್ದರೆ ಕೊನೆಗೆ ಸೀಡಿಂಗ್ ಆದ ಖಾತೆಗೆ ಹಣ ಹೋಗುತ್ತದೆ. ದುಡ್ಡು ಬಂದಿಲ್ಲ ಎನ್ನುವ ಎಷ್ಟೋ ದೂರುಗಳಲ್ಲಿ ದುಡ್ಡು ಬಂದು ಮರೆತುಹೋದ ಹಳೆಯ ಖಾತೆಯಲ್ಲಿ ಕುಳಿತಿರುತ್ತದೆ.

ಜಾತಿ, ಆದಾಯ ಪ್ರಮಾಣಪತ್ರ

ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್‌ನಲ್ಲಿ ಅರ್ಜಿ ಕೊಡಿ. ಪ್ರಮಾಣಪತ್ರದಲ್ಲಿ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಎಲ್ಲ ಅರ್ಜಿಗಳಲ್ಲೂ ಕೇಳುವುದು ಅದನ್ನೇ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಆಯುಸ್ಸು. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಸರಿಯಾಗಿ ಕಾಲೇಜು ಸೇರುವ ಹೊತ್ತಿಗೆ ಮುಗಿಯುತ್ತದೆ. ಹಾಗಾಗಿ ದ್ವಿತೀಯ ಪಿಯುಸಿ ಶುರುವಿನಲ್ಲೇ ತಾರೀಕು ನೋಡಿ, ಹೊಸದು ಮಾಡಿಸಿಡಿ.

ಮೀಸಲಾತಿ ಇಲ್ಲದವರು ‘ನಮಗೆ ಆದಾಯ ಪ್ರಮಾಣಪತ್ರ ಯಾಕೆ’ ಎಂದು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಸೀಟುಗಳಿವೆ. ಆದಾಯ 8 ಲಕ್ಷದೊಳಗಿದ್ದು ಒಳ್ಳೆಯ ರ‍್ಯಾಂಕ್ ಬಂದರೆ ಬೋಧನಾ ಶುಲ್ಕ ಮಾಫಿ. ಒಂದು ಕಾಗದ ಇಲ್ಲದ ಕಾರಣಕ್ಕೆ ಇದನ್ನು ಕಳೆದುಕೊಳ್ಳುವುದಾ?

ಮತ್ತೊಂದು ಮಾತು. ಹಿಂದುಳಿದ ವರ್ಗಗಳ 2ಎ, 3ಎ, 3ಬಿ ಇವೆಲ್ಲ ರಾಜ್ಯದ ಲೆಕ್ಕ. ಜೆಇಇ, ನೀಟ್‌ನಂಥ ಕೇಂದ್ರದ ಪರೀಕ್ಷೆಗಳಿಗೆ ಕೇಂದ್ರದ ಒಬಿಸಿ ಪಟ್ಟಿಯ ಪ್ರಮಾಣಪತ್ರ ಬೇರೆಯೇ ಬೇಕು. ಅದನ್ನು ಆಯಾ ವರ್ಷ ಹೊಸದಾಗಿ ಮಾಡಿಸಬೇಕು.

ಶಾಲೆ ಬದಲಿಸುವ ಮೊದಲು, ಪಿಯು ಕಾಲೇಜು ಆರಿಸುವ ಮೊದಲು

ಸಿಇಟಿಯಲ್ಲಿ ಗ್ರಾಮೀಣ ವ್ಯಾಸಂಗಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ 10 ವರ್ಷ ಹಾಗೆಯೇ ಓದಿರಬೇಕು. ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದ ಮಗುವನ್ನು ಎಂಟಕ್ಕೆ ಮಂಗಳೂರು ಪೇಟೆಯ ಶಾಲೆಗೆ ಸೇರಿಸಿದರೆ ಗ್ರಾಮೀಣ ಮೀಸಲಾತಿ ಹೋಯಿತು ಎಂದೇ ಲೆಕ್ಕ. ಸೇರಿಸಬೇಡಿ ಎನ್ನುತ್ತಿಲ್ಲ, ತಿಳಿದು ಸೇರಿಸಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯಸ್ಥರ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಬೇಕು. ಹತ್ತನೇ ತರಗತಿ ಮುಗಿದ ರಜೆಯಲ್ಲೇ ಮಾಡಿಸಿದರೆ ಒಳ್ಳೆಯದು.

ಎಸ್ಸೆಸ್ಸೆಲ್ಸಿ ಆದ ಕೂಡಲೇ ಲಕ್ಷಗಟ್ಟಲೆ ಕೊಟ್ಟು ಖಾಸಗಿ ಪಿಯು ಕಾಲೇಜಿಗೆ ಓಡುವುದು ನಮ್ಮ ಊರಿನ ರೂಢಿ. ಹಣ ಇದ್ದವರು ಸೇರಿಸಲಿ. ಸಾಲ ಮಾಡಿ ಸೇರಿಸುವವರು ಒಮ್ಮೆ ಯೋಚಿಸಿ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ಇದೆ. ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ. ಖಾಸಗಿ ಪಿಯುನಲ್ಲಿ ಓದಿದವರಿಗೆ ಅದು ಸಿಗುವುದಿಲ್ಲ.

ಪಿಯುಸಿ ಒಂದೇ ದಾರಿ ಅಲ್ಲ. ಮಂಗಳೂರಿನ ಕದ್ರಿಯಲ್ಲಿರುವ ಕೆಪಿಟಿಯಂಥ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ 3 ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಕಡಿಮೆ ಖರ್ಚಿನ ಒಳ್ಳೆಯ ದಾರಿ ಇದು. ಜನ ಯಾಕೋ ಇದನ್ನು ಮರೆಯುತ್ತಿದ್ದಾರೆ.

ಪಿಯುಸಿಯ ಎರಡು ವರ್ಷ

ಸಿಇಟಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ನಡೆಯುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕೋಚಿಂಗ್ ಭರದಲ್ಲಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿದರೆ ರ‍್ಯಾಂಕೂ ಕೆಳಗೆ ಜಾರುತ್ತದೆ. ಸುರತ್ಕಲ್‌ನಲ್ಲಿರುವ ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಗೆ ಜೆಇಇ ಮೇನ್ ಬರೆಯಬೇಕು. ಅಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯ ಎಂಜಿನಿಯರಿಂಗ್‌ಗೆ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ. ಸಿಇಟಿ ಮೂಲಕವೇ ಸೇರಬಹುದಾದ ಈ ಪದವಿಯ ಬಗ್ಗೆ ಕಡಲ ದಡದ ಮಕ್ಕಳಿಗೇ ಜಾಸ್ತಿ ಗೊತ್ತಿಲ್ಲ.

ಸೀಟು ಹಂಚಿಕೆಯಲ್ಲಿ ಕಾಲೇಜುಗಳ ಪಟ್ಟಿ ಕೊಡುವ ಮೊದಲು ಪ್ರತಿ ಕಾಲೇಜಿನ ಮುಂದೆ ವರ್ಷದ ಪೂರ್ತಿ ಖರ್ಚು ಬರೆಯಿರಿ. ಫೀಸು ಮಾತ್ರ ಅಲ್ಲ, ಹಾಸ್ಟೆಲ್, ಊಟ, ಬಸ್, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲ. ಮನೆಯಿಂದ ಬಸ್‌ನಲ್ಲಿ ಹೋಗಿಬರುವ ಕಾಲೇಜಿಗೂ ಬೆಂಗಳೂರಿನ ಕಾಲೇಜಿಗೂ ವ್ಯತ್ಯಾಸ ಆಗ ಕಣ್ಣಿಗೆ ಕಾಣುತ್ತದೆ. ನಿಜವಾಗಿ ಸೇರಲು ಸಾಧ್ಯವಿಲ್ಲದ ಕಾಲೇಜನ್ನು ಪಟ್ಟಿಯ ಮೇಲ್ಗಡೆ ಹಾಕಬೇಡಿ. ಅಣಕು ಹಂಚಿಕೆ (ಯಾವ ಸೀಟು ಸಿಗಬಹುದು ಎಂದು ಮೊದಲೇ ತೋರಿಸುವುದು) ಬಂದ ಮೇಲೆ ಪಟ್ಟಿ ಬದಲಿಸಲು ಅವಕಾಶ ಇರುತ್ತದೆ, ಅದನ್ನು ಬಳಸಿಕೊಳ್ಳಿ. ಸೀಟು ಸಿಕ್ಕಿದ ಮೇಲೆ ಆಯ್ಕೆ 1 ಎಂದರೆ ಒಪ್ಪಿ ಸೇರುತ್ತೇವೆ ಎಂದು. ಆಯ್ಕೆ 2 ಎಂದರೆ ಸೀಟು ಇರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಕೊಡಿ ಎಂದು. 3 ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ, ಮುಂದಿನ ಸುತ್ತು ಮಾತ್ರ ಉಳಿಯುತ್ತದೆ. 4 ಒತ್ತಿದರೆ ಪ್ರಕ್ರಿಯೆಯಿಂದಲೇ ಹೊರಗೆ. ಸೈಬರ್ ಅಂಗಡಿಯವರ ಕೈಗೆ ಪಾಸ್‌ವರ್ಡ್ ಕೊಟ್ಟು ಬರಬೇಡಿ, ಪಕ್ಕದಲ್ಲೇ ಕೂತು ಮಾಡಿಸಿ.

ದುಡ್ಡು ಎಲ್ಲೆಲ್ಲಿ ಕೇಳಬಹುದು

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಕೇಂದ್ರದ್ದಕ್ಕೆ ಎನ್‌ಎಸ್‌ಪಿ ಜಾಲತಾಣ. ನಮ್ಮ ಜಿಲ್ಲೆಗಳಲ್ಲಿ ಬೀಡಿ ಕಟ್ಟುವ ಅಮ್ಮಂದಿರು ಎಷ್ಟು ಜನ ಇದ್ದಾರೆ! ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ. ಪಿಯುಸಿಗೆ ವರ್ಷಕ್ಕೆ 3,000, ಸಾಮಾನ್ಯ ಪದವಿಗೆ 6,000, ವೃತ್ತಿಪರ ಕೋರ್ಸಿಗೆ 25,000. ಅಮ್ಮನ ಬೀಡಿ ಕಾರ್ಮಿಕರ ಗುರುತಿನ ಚೀಟಿ ಹುಡುಕಿ ತೆಗೆದಿಡಿ.

ಪಿಯುಸಿಯಲ್ಲಿ ತಮ್ಮ ವಿಭಾಗದ ಮೇಲಿನ ಶೇ 20ರೊಳಗೆ ಬಂದವರಿಗೆ, ಆದಾಯ 4.5 ಲಕ್ಷದೊಳಗಿದ್ದರೆ, ಕೇಂದ್ರದಿಂದ ಪದವಿಯ ಮೂರು ವರ್ಷ ವರ್ಷಕ್ಕೆ 12,000. ತಾಂತ್ರಿಕ ಪದವಿ ಅಥವಾ ಡಿಪ್ಲೊಮಾ ಸೇರಿದ ಹುಡುಗಿಯರಿಗೆ ಎಐಸಿಟಿಇಯ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಪ್ರಗತಿ ಯೋಜನೆಯಲ್ಲಿ ವರ್ಷಕ್ಕೆ 50,000. ಅದಕ್ಕೆ ಆದಾಯದ ಮಿತಿ 8 ಲಕ್ಷ. ಹಿಂದುಳಿದ ವರ್ಗದವರು ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಅಲ್ಲಿ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳು ಊಟ ವಸತಿಗೆ ನೆರವು ಕೇಳಬಹುದು. ಒಂದು ಪಡೆದರೆ ಇನ್ನೊಂದು ಸಿಗದಂಥವೂ ಇವೆ, ನಿಯಮ ಓದಿ ದೊಡ್ಡದನ್ನು ಆರಿಸಿ.

ಊರಿನ ನೆರವನ್ನು ಕೇಳಲು ನಾಚಿಕೆ ಬೇಡ. ಉಡುಪಿಯ ಯಕ್ಷಗಾನ ಕಲಾರಂಗ ‘ವಿದ್ಯಾಪೋಷಕ್’ ಮೂಲಕ ಬಡ ಮಕ್ಕಳ ಓದಿಗೆ ಕೈಜೋಡಿಸುತ್ತದೆ. ಮನೆಯವರು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘದಲ್ಲಿದ್ದರೆ ‘ಸುಜ್ಞಾನನಿಧಿ’ ವಿದ್ಯಾರ್ಥಿವೇತನದ ಬಗ್ಗೆ ಸೇವಾಪ್ರತಿನಿಧಿ ಹತ್ತಿರ ಕೇಳಿ. ಸಮುದಾಯದ ಸಂಘ, ಚರ್ಚ್, ಜಮಾಅತ್, ಮುಂಬೈಯಲ್ಲಿರುವ ನಮ್ಮವರ ಸಂಘಗಳು, ಇವುಗಳಲ್ಲಿ ಎಷ್ಟೋ ಕಡೆ ವಿದ್ಯಾರ್ಥಿ ನಿಧಿ ಇರುತ್ತದೆ.

ಸಾಲ ಕೊನೆಗೆ. ಕೆನರಾ, ಕರ್ಣಾಟಕ, ಸಿಂಡಿಕೇಟ್, ವಿಜಯ, ಕಾರ್ಪೊರೇಷನ್ ಬ್ಯಾಂಕುಗಳೆಲ್ಲ ಹುಟ್ಟಿದ ನೆಲ ಇದು. ಆದರೂ ಶಿಕ್ಷಣ ಸಾಲ ಕೇಳಲು ಹಿಂಜರಿಯುವವರೇ ಜಾಸ್ತಿ. ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಗುರುತಿಸಿದ ಸಂಸ್ಥೆಗಳಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿಗೂ ಅರ್ಜಿ ಹಾಕಬಹುದು. ಸೇರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮೊದಲ ವರ್ಷ ಬಂದ ವಿದ್ಯಾರ್ಥಿವೇತನ ಎರಡನೇ ವರ್ಷ ತಾನಾಗಿ ಬರುವುದಿಲ್ಲ. ಪ್ರತಿ ವರ್ಷ ನವೀಕರಣದ ಅರ್ಜಿ ಹಾಕಬೇಕು, ಕಾಲೇಜಿನಿಂದ ಅದು ಮುಂದಕ್ಕೆ ಹೋಗಿದೆಯೇ ಎಂದು ಆಫೀಸಿನಲ್ಲಿ ಕೇಳಬೇಕು. ಅರ್ಜಿಗೆ ಕೊಟ್ಟ ಮೊಬೈಲ್ ನಂಬರನ್ನು ಡಿಗ್ರಿ ಮುಗಿಯುವವರೆಗೆ ಬದಲಿಸಬೇಡಿ, ಒಟಿಪಿ ಬರುವುದು ಅದಕ್ಕೇ.