ಸಣ್ಣ ಬಾರ್ ಬ್ಯಾಂಡ್‌ಗಳ ಲೈವ್ ರೆಕಾರ್ಡಿಂಗ್ ಹುಡುಕುವವರಿಗೆ

ಇಂಟರ್ನೆಟ್ ಆರ್ಕೈವ್ (archive.org) ಜಾಲತಾಣದಲ್ಲಿರುವ ಲೈವ್ ಮ್ಯೂಸಿಕ್ ಆರ್ಕೈವ್ ಎಂಬ ಸಂಗ್ರಹದಿಂದ ಶುರು ಮಾಡಿ. 2002ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ರೆಕಾರ್ಡಿಂಗ್ ಹಂಚಲು ಒಪ್ಪಿದ ಬ್ಯಾಂಡ್‌ಗಳದ್ದೇ ಅಲ್ಲಿರುವುದು, ಹಾಗಾಗಿ ಅಳುಕಿಲ್ಲದೆ ಕೇಳಬಹುದು.

ಬ್ಯಾಂಡ್ ಹೆಸರು ಹಾಕಿ ಹುಡುಕಬೇಡಿ. ಗೊತ್ತೇ ಇಲ್ಲದ ಬ್ಯಾಂಡಿನ ಹೆಸರು ಹೇಗೆ ಹೊಳೆಯಬೇಕು, ಅಲ್ವಾ? ಒಂದು ರೆಕಾರ್ಡಿಂಗ್ ಹಿಡಿಸಿದರೆ ಅದು ಯಾವ ಬಾರ್‌ನಲ್ಲಿ ನಡೆದದ್ದು ನೋಡಿ, ಆ ಬಾರ್ ಹೆಸರು ಹಾಕಿ. ಅಲ್ಲಿ ನುಡಿಸಿದ ಬೇರೆ ಬ್ಯಾಂಡ್‌ಗಳು ಒಂದೊಂದಾಗಿ ಸಿಗುತ್ತವೆ. ರೆಕಾರ್ಡ್ ಮಾಡಿದವರ ಹೆಸರು ಹಾಕಿದರೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ವಿವರದಲ್ಲಿ 'ಸೌಂಡ್‌ಬೋರ್ಡ್' ಅಂತಿದ್ದರೆ ಮಿಕ್ಸರ್‌ನಿಂದ, ಅಂದರೆ ಮೈಕ್, ವಾದ್ಯಗಳ ಸದ್ದನ್ನು ಸೇರಿಸಿ ಸ್ಪೀಕರ್‌ಗೆ ಕಳಿಸುವ ಯಂತ್ರದಿಂದ, ನೇರ ತೆಗೆದದ್ದು. ಸ್ಪಷ್ಟವಾಗೇನೋ ಇರುತ್ತದೆ. ಆದರೆ ಸಣ್ಣ ಜಾಗದಲ್ಲಿ ಡ್ರಮ್, ಗಿಟಾರ್ ಆಂಪ್ (ಗಿಟಾರಿನ ಸದ್ದು ಜೋರು ಮಾಡುವ ಪೆಟ್ಟಿಗೆ) ತಾವೇ ಜೋರಾಗಿರುತ್ತವೆ, ಮಿಕ್ಸರ್‌ಗೆ ಅವನ್ನು ಜಾಸ್ತಿ ಕೊಟ್ಟಿರುವುದಿಲ್ಲ. ಕೊನೆಗೆ ಹಾಡುಗಾರರ ದನಿಯೇ ಮುಂದೆ ನಿಲ್ಲುತ್ತದೆ. ಜನರ ನಡುವೆ ಮೈಕ್ ಇಟ್ಟು ಮಾಡಿದ್ದರಲ್ಲಿ ಗ್ಲಾಸು, ಮಾತು ಎಲ್ಲ ಕೇಳಿದರೂ ಬ್ಯಾಂಡ್ ಪೂರ್ತಿ ಸಿಗುತ್ತದೆ. ಬಾರ್ ಬ್ಯಾಂಡ್‌ಗಾದರೆ ನನ್ನ ಓಟು ಇದಕ್ಕೇ.

ಬ್ಯಾಂಡ್ ಇಷ್ಟವಾದರೆ, ಬ್ಯಾಂಡ್‌ಗಳು ತಮ್ಮ ಹಾಡುಗಳನ್ನು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಒಂದು ಆಲ್ಬಂ ಕೊಳ್ಳಿ. ಆ ಪುಟದಲ್ಲೇ ಅದನ್ನು ಕೊಂಡವರ ಚಿತ್ರಗಳಿರುತ್ತವೆ. ಒಂದನ್ನು ಒತ್ತಿ, ಅವರು ಇನ್ನೇನು ಕೊಂಡಿದ್ದಾರೆ ನೋಡಿ.