ನಕ್ಷತ್ರ ನೋಡಲು ನಾನು ಬೈನಾಕ್ಯುಲರ್ ಆರಿಸಿಕೊಂಡ ಬಗೆ

ನಾನು ಕೊಂಡ ಮೊದಲ ಬೈನಾಕ್ಯುಲರ್‌ನ ಮೇಲೆ 10-30×60 ಎಂದು ಅಚ್ಚಾಗಿತ್ತು. ಹತ್ತು ಪಟ್ಟಿನಿಂದ ಮೂವತ್ತು ಪಟ್ಟಿನವರೆಗೆ ಜೂಮ್, ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಲೆನ್ಸ್. ಮೂವತ್ತು ಪಟ್ಟು ಎಂದಮೇಲೆ ಶನಿಯ ಉಂಗುರ ಕಂಡೇ ಕಾಣುತ್ತದೆ ಎಂದು ನಂಬಿದ್ದೆ. ಆ ರಾತ್ರಿ ರೋಹಿಣಿ ನಕ್ಷತ್ರದತ್ತ ತಿರುಗಿಸಿದರೆ ಕಂಡದ್ದು ಎರಡು ರೋಹಿಣಿ, ಎರಡಕ್ಕೂ ಬಾಲ, ಎರಡೂ ಒಂದೇ ಸಮನೆ ನಡುಗುತ್ತಿದ್ದವು. ಹತ್ತು ನಿಮಿಷದಲ್ಲಿ ಹುಬ್ಬುಗಳ ನಡುವೆ ನೋವು ಶುರುವಾಯಿತು. ಆಕಾಶ ನೋಡುವುದೇ ನನಗೆ ಒಗ್ಗದೇನೋ ಎಂದು ಕೆಲವು ತಿಂಗಳು ಅದನ್ನು ಮುಟ್ಟಲೂ ಇಲ್ಲ.

ತಪ್ಪು ಕಣ್ಣಿನದಲ್ಲ, ಉಪಕರಣದ್ದು ಎಂದು ಗೊತ್ತಾದದ್ದು ಆಮೇಲೆ. ಜೂಮ್ ಮಾಡುವಾಗ ಎರಡೂ ಕೊಳವೆಗಳೊಳಗಿನ ಲೆನ್ಸ್‌ಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಟ್ಟಿಗೆ ಸರಿಯಬೇಕು. ಅಗ್ಗದ ಜೂಮ್‌ನಲ್ಲಿ ಅದು ಆಗದ ಮಾತು. ಕೆಂಪು ಲೇಪನ ಕೆಂಪು ಬೆಳಕನ್ನು ಹೊರಗೇ ತಳ್ಳುತ್ತದೆ. ಕಣ್ಣಿಗೆ ಬರಬೇಕಾದ ಬೆಳಕು ಅಷ್ಟು ನಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಮೂವತ್ತು ಪಟ್ಟು ದೊಡ್ಡದಾಗುವುದು ನಕ್ಷತ್ರಲೋಕ ಮಾತ್ರವಲ್ಲ, ಕೈಯ ನಡುಕವೂ ಅಷ್ಟೇ ದೊಡ್ಡದಾಗುತ್ತದೆ.

ಎರಡನೆಯ ಸಲ ಕೊಳ್ಳುವ ಮೊದಲು ಒಂದು ಸಣ್ಣ ಭಾಗಾಕಾರ ಕಲಿತೆ. ಮುಂದಿನ ಲೆನ್ಸ್‌ನ ಅಗಲವನ್ನು (× ಗುರುತಿನ ನಂತರದ ಅಂಕಿ, ಮಿ.ಮೀ. ಲೆಕ್ಕದಲ್ಲಿ) ಪಟ್ಟಿನಿಂದ (× ಗುರುತಿನ ಮೊದಲಿನ ಅಂಕಿ) ಭಾಗಿಸಿದರೆ ಐಪೀಸ್‌ನಿಂದ, ಅಂದರೆ ಕಣ್ಣಿಡುವ ಕಡೆಯ ಲೆನ್ಸ್‌ನಿಂದ, ಹೊರಬೀಳುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 10×50ರಲ್ಲಿ 5 ಮಿ.ಮೀ., 7×50ರಲ್ಲಿ ಸುಮಾರು 7 ಮಿ.ಮೀ. ನನ್ನ ಹಳೆಯದರಲ್ಲಿ, ಪೂರ್ತಿ ಜೂಮ್ ಮಾಡಿದಾಗ, ಬರೀ 2. ಕತ್ತಲಲ್ಲಿ ಎಳೆಯ ಕಣ್ಣಿನ ಪಾಪೆ 7 ಮಿ.ಮೀ.ವರೆಗೆ ಅರಳುತ್ತದೆ, ವಯಸ್ಸಾದಂತೆ 5ರ ಆಸುಪಾಸಿಗೆ ಇಳಿಯುತ್ತದೆ. ಪಾಪೆಗಿಂತ ಅಗಲವಾದ ಕಂಬ ಬಿದ್ದರೆ ಮಿಕ್ಕ ಬೆಳಕು ವ್ಯರ್ಥ. ಬೀದಿದೀಪಗಳ ಮಬ್ಬಿರುವ ಕಡೆ 7×50ರಲ್ಲಿ ಆಕಾಶದ ಹಿನ್ನೆಲೆಯೂ ಬೆಳ್ಳಗಾಗುತ್ತದೆ, 10×50ರಲ್ಲಿ ಅದು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಹಾಗಾಗಿ 10×50 ಎಂದು ತೀರ್ಮಾನಿಸಿದೆ. ಕೈ ನಡುಗುವವರಿಗೆ, ಮಕ್ಕಳಿಗೆ ನಾನು 8×42 ಹೇಳುತ್ತೇನೆ, ಅದು ಹಗುರ.

ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಒಳಗಿನ ಗಾಜಿನ ತುಂಡು, ಅಂದರೆ ಪ್ರಿಸಮ್ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಲಿಲ್ಲ. ಅದರಲ್ಲಿ ಎರಡು ಬಗೆ: ಭುಜ ಅಗಲವಾಗಿರುವ ಹಳೇ ಮಾದರಿಯ ಪೋರೋ, ನೆಟ್ಟಗೆ ತೆಳ್ಳಗಿರುವ ರೂಫ್. ರೂಫ್ ಪ್ರಿಸಮ್ಮನ್ನು ಬಹಳ ಕರಾರುವಾಕ್ಕಾಗಿ ತಿದ್ದಬೇಕು, ಮೇಲೆ ವಿಶೇಷ ಲೇಪನವೂ ಬೇಕು. ಅದಕ್ಕೇ ಅಗ್ಗದ ರೂಫ್‌ನಲ್ಲಿ ಚಿತ್ರ ಸಪ್ಪೆ. ಅದೇ ಹಣಕ್ಕೆ ಪೋರೋ ಎಷ್ಟೋ ಮೇಲು.

ಅಂಗಡಿಯಲ್ಲಿ ನಾನು ಪೆಟ್ಟಿಗೆಯ ಮೇಲಿನ ಬರಹ ಬಿಟ್ಟು ಕಣ್ಣನ್ನೇ ನಂಬಿದೆ. ಬೈನಾಕ್ಯುಲರನ್ನು ಕೈ ಚಾಚಿ ಹಿಡಿದು ಬೆಳಕಿನ ಗೋಡೆಯತ್ತ ತಿರುಗಿಸಿದರೆ ಐಪೀಸ್‌ನಲ್ಲಿ ಬೆಳಕಿನ ಬಿಲ್ಲೆ ಕಾಣುತ್ತದೆ. ಅದು ದುಂಡಗಿದ್ದರೆ ಪ್ರಿಸಮ್ ಬ್ಯಾಕ್-4 ಎಂಬ ಮೇಲ್ದರ್ಜೆಯ ಗಾಜಿನದಿರಬಹುದು. ಅಂಚುಗಳು ಕತ್ತರಿಸಿದಂತೆ ಚೌಕವಾಗಿ ಮಬ್ಬಾಗಿದ್ದರೆ ಅದು ಸಾಮಾನ್ಯವಾಗಿ ಅಗ್ಗದ ಬಿಕೆ-7. ಆಮೇಲೆ ಮುಂದಿನ ಲೆನ್ಸ್‌ನಲ್ಲಿ ದೀಪದ ಪ್ರತಿಬಿಂಬ ನೋಡಿದೆ: ಮಂದವಾದ ಹಸಿರು, ನೇರಳೆ ಬಿಂಬಗಳಿದ್ದರೆ ಬೆಳಕು ಹಿಂದಕ್ಕೆ ಚಿಮ್ಮದಂತೆ ತಡೆಯುವ ಲೇಪನ ಇದೆ, ಬೆಳ್ಳಗೆ ಕಣ್ಣು ಕುಕ್ಕುವ ಬಿಂಬ ಇದ್ದರೆ ಒಳಗೆಲ್ಲೋ ಬರೀ ಗಾಜು.

ನಾನು ಹೆಚ್ಚು ಹೊತ್ತು ಕಳೆದದ್ದು ಎರಡು ಕೊಳವೆಗಳ ಹೊಂದಾಣಿಕೆ ಪರೀಕ್ಷಿಸುವುದರಲ್ಲಿ. ದೂರದ ಚಾವಣಿಯ ಅಡ್ಡ ಅಂಚಿಗೆ ಫೋಕಸ್ ಮಾಡಿ, ಬೈನಾಕ್ಯುಲರನ್ನು ಕಣ್ಣಿನಿಂದ ಮೆಲ್ಲಗೆ ದೂರಕ್ಕೆ ಸರಿಸಿದೆ. ಆ ಗೆರೆ ಎರಡೂ ವೃತ್ತಗಳಲ್ಲಿ ಒಂದೇ ಎತ್ತರದಲ್ಲಿ ಇರಬೇಕು. ಮೊದಲ ಎರಡರಲ್ಲಿ ಇರಲಿಲ್ಲ, ಮೂರನೆಯದರಲ್ಲಿ ಇತ್ತು. ಮೂರೂ ಒಂದೇ ಕಂಪನಿಯವು, ಒಂದೇ ಮಾದರಿಯವು! ಅಗ್ಗದ ಬೈನಾಕ್ಯುಲರ್‌ಗೆ ಮಾದರಿಯ ಹೆಸರು ಕೇಳಿದರೆ ಸಾಲದು, ಕೈಗೆ ಬಂದ ಆ ಒಂದನ್ನೇ ಪರೀಕ್ಷಿಸಬೇಕು. ನೋಡದೆ ತರಿಸಿಕೊಳ್ಳುವುದಾದರೆ ವಾಪಸ್ ಕೊಡುವ ಅವಕಾಶ ಇರಲೇಬೇಕು.

ಕನ್ನಡಕದ ಮಾತು. ಬರೀ ದೂರದೃಷ್ಟಿಯ ತೊಂದರೆಯಾದರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿದರಾಯಿತು. ನನಗೆ ಸಿಲಿಂಡರ್ ಪವರ್ (ಫೋಕಸ್ ತಿರುಗಿಸಿದರೂ ಸರಿಹೋಗದ ದೃಷ್ಟಿದೋಷದ್ದು) ಕೂಡ ಇದೆ. ಕನ್ನಡಕ ತೆಗೆದರೆ ನಕ್ಷತ್ರ ಗೆರೆಯಾಗುತ್ತದೆ. ಅದಕ್ಕೆ ಐ ರಿಲೀಫ್, ಅಂದರೆ ಪೂರ್ತಿ ಚಿತ್ರ ಕಾಣುವಂತೆ ಐಪೀಸ್‌ನಿಂದ ಕಣ್ಣು ಇರಬಹುದಾದ ದೂರ, 15 ಮಿ.ಮೀ.ಗಿಂತ ಹೆಚ್ಚಿರುವುದನ್ನೇ ಹುಡುಕಿದೆ.

ಮನೆಗೆ ಬಂದು ಫೋಕಸನ್ನು ದೂರಕ್ಕಿಟ್ಟು, ಐಪೀಸ್‌ಗೆ ಒಂದು ಗೇಣು ಹಿಂದೆ ಟಾರ್ಚ್ ಹಿಡಿದು, ಮುಂದಿನ ಲೆನ್ಸ್‌ಗೆ ತಾಗಿಸಿ ಕಾಗದ ಇಟ್ಟು ಬಿದ್ದ ಬೆಳಕಿನ ವೃತ್ತ ಅಳೆದೆ. 50 ಇರಬೇಕಾದದ್ದು 45 ಮಿ.ಮೀ. ಒಳಗಿನ ಪ್ರಿಸಮ್ ಚಿಕ್ಕದಿದ್ದು ಅಂಚಿನ ಬೆಳಕನ್ನು ತಡೆಯುತ್ತಿದೆ. ಐದರಲ್ಲೊಂದು ಪಾಲು ಬೆಳಕು ಖೋತಾ. ಬೇಸರವಾಯಿತು. ಆದರೂ ವಾಪಸ್ ಕೊಡಲಿಲ್ಲ. ಎರಡು ಕೊಳವೆ ಸರಿಯಾಗಿ ಕೂಡಿರುವ 45 ನನಗೆ ತಲೆನೋವು ತರುವ 60ಕ್ಕಿಂತ ದೊಡ್ಡದು.

ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಫೋಕಸ್, ಆಮೇಲೆ ಎಡಗಣ್ಣು ಮುಚ್ಚಿ ಬಲ ಐಪೀಸ್‌ನ ಬಳೆ ತಿರುಗಿಸಿ ನಕ್ಷತ್ರವನ್ನು ಸೂಜಿಮೊನೆಯಷ್ಟು ಮಾಡಿಕೊಳ್ಳುತ್ತೇನೆ. ಇದನ್ನು ಮಾಡದೆ ಎಷ್ಟೋ ಜನ ಒಳ್ಳೆಯ ಉಪಕರಣವನ್ನೇ ದೂರುತ್ತಾರೆ. ಗುರು, ಶನಿ ನೋಡಲು ಟ್ರೈಪಾಡಿಗೆ ಸಿಕ್ಕಿಸುವ ಎಲ್ ಆಕಾರದ ಪಟ್ಟಿ ಉಪಯೋಗಿಸುತ್ತೇನೆ. ನೆತ್ತಿಯ ಮೇಲಿನ ಆಕಾಶಕ್ಕೆ ಟ್ರೈಪಾಡ್ ಕತ್ತು ಮುರಿಯುತ್ತದೆ; ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳುವುದೇ ಚೆಂದ. ಕತ್ತಲಿಗೆ ಕಣ್ಣು ಒಗ್ಗಲು ಅರ್ಧ ಗಂಟೆ ಕೊಡುತ್ತೇನೆ, ಫೋನ್ ಮುಟ್ಟುವುದಿಲ್ಲ. ಸೂರ್ಯನತ್ತ ಮಾತ್ರ ಇದನ್ನು ಎಂದೂ ತಿರುಗಿಸಬೇಡಿ, ಕ್ಷಣದಲ್ಲಿ ಕಣ್ಣು ಹೋಗುತ್ತದೆ.

ಬರಿಗಣ್ಣಿಗೆ ಆರೇಳು ಚುಕ್ಕೆಯಾಗಿದ್ದ ಕೃತ್ತಿಕೆ ಇದರಲ್ಲಿ ಹತ್ತಾರು ನೀಲಿ ಹರಳು. 25 ಲಕ್ಷ ಜ್ಯೋತಿರ್ವರ್ಷ ದೂರದ ದೇವಯಾನಿ ಗೆಲಾಕ್ಸಿ ಉದ್ದನೆಯ ಮಂಜಿನ ತುಣುಕು. ಶನಿಯ ಉಂಗುರ ಕಾಣುವುದಿಲ್ಲ, ಹತ್ತು ಪಟ್ಟಿಗೆ ಅದು ಸ್ವಲ್ಪ ಉದ್ದವಾದ ಚುಕ್ಕೆ ಅಷ್ಟೆ. ಗುರು ಹಾಗಲ್ಲ. 1610ರಲ್ಲಿ ಗೆಲಿಲಿಯೋ ಕಂಡ ಆ ನಾಲ್ಕು ಚಂದ್ರರನ್ನು ನಾನು ಪ್ರತಿ ರಾತ್ರಿ ನೋಟ್‌ಬುಕ್ಕಿನಲ್ಲಿ ಚುಕ್ಕೆ ಇಟ್ಟು ಗುರುತಿಸುತ್ತೇನೆ. ಮೊನ್ನೆ ಎಡಕ್ಕೆ ಮೂರು, ಬಲಕ್ಕೆ ಒಂದು. ನಿನ್ನೆ ಮೂರೇ ಕಂಡವು, ನಾಲ್ಕನೆಯದು ಗುರುವಿನ ಬೆಳಕಲ್ಲಿ ಅಡಗಿತ್ತು. ಇವತ್ತು ಮೋಡ ಸರಿದರೆ ಅದು ಯಾವ ಪಕ್ಕಕ್ಕೆ ಬಂದಿದೆ ನೋಡಬೇಕು.